ಮೂಕಪ್ರಾಣಿ ಎನ್ನುವ ಮುನ್ನ

ಶಬ್ದದ ಪಾಠವನ್ನು ಆರಂಭಿಸುವಾಗ ನಾವು ಪ್ರತಿವರ್ಷವೂ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ತೋರಿಸುವುದುಂಟು. ಮೇಜಿನ ಮೇಲೆ ಒಂದು ಆಂದೋಲಕ, ಅದಕ್ಕೆ ಜೋಡಿಸಿದ ಧ್ವನಿವರ್ಧಕ, ಪಕ್ಕದಲ್ಲಿ ಅಲೆಯ ಆಕಾರವನ್ನು ತೆರೆಯ ಮೇಲೆ ಮೂಡಿಸುವ ಆಸಿಲೋಸ್ಕೋಪು, ಸಲಕರಣೆ ಇಷ್ಟೆ. ವಿದ್ಯಾರ್ಥಿಗಳೆಲ್ಲರೂ ಕೈಯೆತ್ತಿ ಕುಳಿತಿರಬೇಕು. ಶಬ್ದ ಕೇಳಿಸದಂತಾದೊಡನೆ ಕೈ ಇಳಿಸಬೇಕು. ಕಂಪನಗಳ ಸಂಖ್ಯೆಯನ್ನು ಸೆಕೆಂಡಿಗೆ ಒಂದು ಸಾವಿರದಿಂದ ಮೇಲಕ್ಕೆ ಏರಿಸುತ್ತ ಹೋದಂತೆ ಧ್ವನಿ ಕೀರಲಾಗಿ, ಎಳೆಯಾಗಿ, ಕೊನೆಗೆ ಮಾಯವಾಗಿಬಿಡುತ್ತದೆ. ಎಲ್ಲರಿಗಿಂತ ಮೊದಲು ಇಳಿಯುವ ಕೈ ಸಾಮಾನ್ಯವಾಗಿ ನಮ್ಮದೇ. ಮೂವತ್ತು ದಾಟಿದವರ ಕಿವಿ ಹದಿನೇಳರ ಹರೆಯದವರ ಕಿವಿಯಷ್ಟು ಮೇಲಕ್ಕೆ ಹೋಗಲಾರದು. ಕಂಪನ 18,000ವನ್ನು ದಾಟುವಷ್ಟರಲ್ಲಿ ತರಗತಿಯ ಕೈಗಳೂ ಬಹುಮಟ್ಟಿಗೆ ಇಳಿದಿರುತ್ತವೆ. "ಶಬ್ದ ನಿಂತುಹೋಯಿತು, ಸಾರ್" ಎಂದು ಯಾರಾದರೊಬ್ಬರು ಹೇಳುತ್ತಾರೆ. ಆದರೆ ತೆರೆಯ ಮೇಲೆ ಅಲೆಯು ಮೊದಲಿನಂತೆಯೇ ಕುಣಿಯುತ್ತಿರುತ್ತದೆ.

ಕಳೆದ ವರ್ಷ ಈ ಪ್ರಯೋಗ ನಡೆದಾಗ ಬಾಗಿಲಾಚೆಯ ವರಾಂಡದಲ್ಲಿ ಒಂದು ಬೀದಿನಾಯಿ ಮಲಗಿತ್ತು. ತರಗತಿಯ ಕೈಗಳೆಲ್ಲ ಇಳಿದ ಮೇಲೆ ಅದು ತಲೆಯೆತ್ತಿ, ಕಿವಿ ನಿಮಿರಿಸಿ, ನೇರವಾಗಿ ಧ್ವನಿವರ್ಧಕದ ಕಡೆ ನೋಡಿತು. ಹುಡುಗರು ನಕ್ಕರು. ನಾವೂ ನಕ್ಕು, ನಾಯಿಯ ಶ್ರವಣಶಕ್ತಿ ಸೆಕೆಂಡಿಗೆ ಸುಮಾರು 45,000 ಕಂಪನಗಳವರೆಗೆ ಹೋಗುತ್ತದೆಂದು ವಿವರಿಸಿದೆವು. ಆಗ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, "ಕೇಳಿಸಿತು, ಸರಿ ಸಾರ್, ಆದರೆ ಅದಕ್ಕೆ ಏನನ್ನಿಸಿತು?" ಎಂದು ಕೇಳಿದಳು. "ಅದು ಭೌತವಿಜ್ಞಾನದ ಪ್ರಶ್ನೆಯಲ್ಲಮ್ಮ" ಎಂದುಬಿಟ್ಟೆವು. ಗಂಟೆ ಬಾರಿಸಿತು, ತರಗತಿ ಮುಗಿಯಿತು.

ಈ ಉತ್ತರವನ್ನು ಕುರಿತು ಆ ಬಳಿಕ ನಾವು ಹಲವು ಸಲ ಯೋಚಿಸಿದ್ದೇವೆ. ಅದು ತಪ್ಪು ಉತ್ತರವೆಂದು ಈಗ ನಮಗೆ ಖಚಿತವಾಗಿದೆ. ಪ್ರಾಣಿಗಳ ಭಾವ, ಭಾಷೆ, ಬುದ್ಧಿಗಳನ್ನು ಕುರಿತು ಮನುಷ್ಯನು ಇಂದು ತಿಳಿದಿರುವುದರಲ್ಲಿ ಬಹುಪಾಲು, ಅಲೆಗಳನ್ನು ಅಳೆಯುವ ಉಪಕರಣಗಳು ಅವನ ಕೈಗೆ ಬಂದ ಮೇಲೆಯೇ ತಿಳಿದದ್ದು. ನಮ್ಮಲ್ಲಿ ಪ್ರಾಣಿಗಳನ್ನು ಕನಿಕರದಿಂದ 'ಮೂಕಪ್ರಾಣಿ' ಎನ್ನುವ ವಾಡಿಕೆಯುಂಟಷ್ಟೆ. ಅವು ಮೂಕವೆಂದು ತೀರ್ಮಾನಿಸುವ ಮುನ್ನ ನಮ್ಮ ಕಿವಿಯನ್ನು ಪರೀಕ್ಷಿಸಿಕೊಳ್ಳುವುದು ನ್ಯಾಯವೆಂಬುದೇ ಈ ಲೇಖನದ ವಾದ.

ಮೊದಲಿಗೆ ಬಾವಲಿಯ ಕಥೆಯನ್ನು ತೆಗೆದುಕೊಳ್ಳೋಣ. 1793ರಲ್ಲಿ ಇಟಲಿಯ ಲಾಜರೋ ಸ್ಪಲ್ಲಂಜಾನಿ ಎಂಬ ವಿಜ್ಞಾನಿಯು, ದೀಪವಾರಿದ ಕೋಣೆಯಲ್ಲಿ ಗೂಬೆ ಕೂಡ ಗೋಡೆಗೆ ಡಿಕ್ಕಿ ಹೊಡೆಯುವಾಗ ಬಾವಲಿಯು ನಿರಾತಂಕವಾಗಿ ಹಾರಾಡುವುದನ್ನು ಕಂಡನು. ಕಣ್ಣು ಕಳೆದುಕೊಂಡ ಬಾವಲಿಗಳೂ ಹಾಗೆಯೇ ಹಾರಿದವು. ಸ್ವಿಟ್ಜರ್ಲೆಂಡಿನ ಲೂಯಿ ಜೂರಿನ್ ಎಂಬಾತನು ಅವುಗಳ ಕಿವಿಗಳನ್ನು ಮುಚ್ಚಿ ನೋಡಿದಾಗ ಮಾತ್ರ ಅವು ದಾರಿ ತಪ್ಪಿ ಎದುರು ಸಿಕ್ಕಿದ್ದಕ್ಕೆಲ್ಲ ಬಡಿದುಕೊಂಡವು. ಇದರಿಂದ ಬಾವಲಿಯು ಕಿವಿಯಿಂದ 'ನೋಡುತ್ತದೆ' ಎಂಬುದು ಸ್ಪಷ್ಟವಾಗಬೇಕಾಗಿತ್ತು. ಆದರೆ ಹಾರುವ ಬಾವಲಿಯಿಂದ ಯಾರಿಗೂ ಶಬ್ದ ಕೇಳಿಸಿರಲಿಲ್ಲ. ಕೇಳಿಸದ ಶಬ್ದ ಇರುವುದೆಂದು ನಂಬುವುದು ಹೇಗೆ? ಆ ಕಾಲದ ಮಹಾಪಂಡಿತನಾದ ಕ್ಯೂವಿಯೆಯು ಬಾವಲಿಯು ರೆಕ್ಕೆಯ ಸ್ಪರ್ಶದಿಂದಲೇ ದಾರಿ ಅರಿಯುತ್ತದೆಂದು ಹೇಳಿದನು. ಪಂಡಿತರು ಅದನ್ನು ಒಪ್ಪಿದರು. ಪ್ರಯೋಗ ಮಾಡಿದವರ ಮಾತು ಮೂಲೆಗೆ ಬಿತ್ತು.

ಆಮೇಲೆ ಸುಮಾರು ನೂರ ನಲವತ್ತೈದು ವರ್ಷಗಳು ಕಳೆದವು. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್ ಎಂಬ ತರುಣನು ಒಂದು ಪಂಜರದಲ್ಲಿ ಕೆಲವು ಬಾವಲಿಗಳನ್ನು ಹಾಕಿಕೊಂಡು, ಅಲ್ಲಿಯ ಭೌತವಿಜ್ಞಾನದ ಪ್ರಾಧ್ಯಾಪಕ ಜಿ. ಡಬ್ಲ್ಯೂ. ಪಿಯರ್ಸ್ ಅವರ ಬಳಿಗೆ ಹೋದನು. ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಶಬ್ದವನ್ನು ಹಿಡಿದು ಕೇಳುವಂತೆ ಮಾಡುವ ಉಪಕರಣವೊಂದನ್ನು ಪಿಯರ್ಸ್ ನಿರ್ಮಿಸಿದ್ದರು. ಪಂಜರವನ್ನು ಅದರ ಮುಂದೆ ಹಿಡಿದದ್ದೇ ತಡ, ಅಲ್ಲಿಯವರೆಗೆ ನಿಶ್ಶಬ್ದವೆನಿಸಿದ್ದ ಪ್ರಾಣಿಗಳಿಂದ ಅವಿರತವಾದ ಗದ್ದಲ ಹೊರಟಿತು. ಬಾವಲಿಯು ಸೆಕೆಂಡಿಗೆ ಹತ್ತಾರು ಸಾವಿರ ಕಂಪನಗಳ ಕೂಗನ್ನು ಹಾಕಿ ಅದರ ಮಾರ್ದನಿಯಿಂದ ದಾರಿಯನ್ನೂ ಬೇಟೆಯನ್ನೂ ಅರಿಯುವುದೆಂದು ಮುಂದಿನ ಕೆಲವೇ ವರ್ಷಗಳಲ್ಲಿ ಗ್ರಿಫಿನ್ನನೂ ರಾಬರ್ಟ್ ಗಲಾಂಬೋಸನೂ ಸಿದ್ಧಪಡಿಸಿದರು. ಇಷ್ಟು ಮೇಲಿನ ಕಂಪನವೇಕೆ ಎಂಬುದನ್ನು ಹೈಸ್ಕೂಲಿನ ಲೆಕ್ಕವೇ ತಿಳಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರು. ಕಂಪನ 50,000 ಆದರೆ ಅಲೆಯ ಉದ್ದ 6.8 ಮಿಲಿಮೀಟರು. ಸಣ್ಣ ಹುಳುವಿನಿಂದ ಮಾರ್ದನಿ ಬರಬೇಕಾದರೆ ಅಲೆಯೂ ಸಣ್ಣದಾಗಿರಬೇಕು. ಈ ಗ್ರಿಫಿನ್ನನೇ 1976ರಲ್ಲಿ, ಪ್ರಾಣಿಗಳಿಗೆ ಅರಿವುಂಟೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿ ಒಂದು ಗ್ರಂಥವನ್ನೇ ಬರೆದನೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಬಾವಲಿಯ ಕೂಗು ದಾರಿ ಕಾಣುವ ಸಾಧನ. ಅದರಲ್ಲಿ ಭಾವವೇನು ಬಂತು ಎಂದು ವಾಚಕರು ಕೇಳಬಹುದು. ಭಾವದ ವಿಷಯಕ್ಕೆ ಇಲಿಯನ್ನು ನೋಡಬೇಕು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಓಹಿಯೋ ಪ್ರಾಂತದಲ್ಲಿ ಜಾಕ್ ಪಾಂಕ್‌ಸೆಪ್ ಮತ್ತು ಜೆಫ್ರಿ ಬರ್ಗ್‌ಡಾರ್ಫ್ ಎಂಬಿಬ್ಬರು, ಬಾವಲಿಯ ಶಬ್ದವನ್ನು ಕೇಳಲೆಂದು ಮಾಡಿದ ಉಪಕರಣವನ್ನೇ ಪ್ರಯೋಗಾಲಯದ ಇಲಿಗಳ ಮುಂದೆ ಇಟ್ಟರು. ಎಳೆಯ ಇಲಿಗಳು ಪರಸ್ಪರ ಆಟವಾಡುವಾಗ ಸೆಕೆಂಡಿಗೆ ಸುಮಾರು 50,000 ಕಂಪನಗಳ ಚಿಲಿಪಿಲಿ ಕೇಳಿಬರುತ್ತಿತ್ತು. ಕೈಯಿಂದ ಕಚಗುಳಿಯಿಟ್ಟಾಗ ಅದು ಇನ್ನೂ ಹೆಚ್ಚಿತು. ಕಚಗುಳಿಯಿಟ್ಟ ಕೈಯನ್ನು ಇಲಿಗಳು ತಾವಾಗಿಯೇ ಹುಡುಕಿಕೊಂಡು ಬಂದವು. ಕಣ್ಣು ಕುಕ್ಕುವ ಬೆಳಕು, ಬೆಕ್ಕಿನ ವಾಸನೆ ಮೊದಲಾದ ಭಯಕಾರಣಗಳಿದ್ದಾಗ ಚಿಲಿಪಿಲಿ ಕಡಿಮೆಯಾಯಿತು. ಭಯ, ನೋವು, ಸೋಲುಗಳ ಸಂದರ್ಭದಲ್ಲಿ ಇಲಿಯು ಹೊರಡಿಸುವ ಧ್ವನಿಯೇ ಬೇರೆ. ಅದರ ಕಂಪನ ಸುಮಾರು 22,000.

ಈ ಎರಡನೆಯ ಸಂಖ್ಯೆಯನ್ನು ವಿದ್ಯಾರ್ಥಿಗಳು ಸ್ವಲ್ಪ ನಿಂತು ನೋಡಬೇಕು. ಮನುಷ್ಯನ ಶ್ರವಣದ ಎಲ್ಲೆ 20,000. ಇಲಿಯ ಸಂಕಟದ ಕೂಗು ಅದಕ್ಕಿಂತ ಕೊಂಚವೇ ಮೇಲೆ. ವಿಜ್ಞಾನದ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಇಲಿಗಳು ಪ್ರಯೋಗಾಲಯಗಳಲ್ಲಿ ಬಾಳಿ ಸತ್ತಿವೆ. ಅವುಗಳೊಡನೆ ದಿನವೆಲ್ಲ ಇದ್ದ, ಸ್ವಭಾವತಃ ದಯಾಳುಗಳೇ ಆದ ಎಷ್ಟೋ ಮಂದಿ, ಕೋಣೆ ನಿಶ್ಶಬ್ದವಾಗಿದೆಯೆಂದೇ ತಿಳಿದಿದ್ದರು. ಅವರನ್ನು ನಿರ್ದಯರೆನ್ನುವಂತಿಲ್ಲ, ಆದರೆ ಸೆಕೆಂಡಿಗೆ ಕೆಲವು ಸಾವಿರ ಕಂಪನಗಳ ಅಂತರದಲ್ಲಿ ಒಂದು ಜೀವದ ಸಂಕಟ ಅವರಿಗೆ ಇಲ್ಲವೇ ಇಲ್ಲವೆಂಬಂತೆ ಆಗಿಹೋಯಿತು. ನಾವು ತರಗತಿಯಲ್ಲಿ ತೋರಿಸುವ ಪ್ರಯೋಗಕ್ಕೆ ಇಷ್ಟು ಗಂಭೀರವಾದ ಅರ್ಥವಿದೆಯೆಂದು ಮೊದಲು ನಮಗೂ ಹೊಳೆದಿರಲಿಲ್ಲ.

ಎಲ್ಲೆಯ ಮೇಲಿನಂತೆ ಕೆಳಗೂ ಒಂದು ಲೋಕವುಂಟು. ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನಗಳಿರುವ ಶಬ್ದವೂ ನಮ್ಮ ಕಿವಿಗೆ ನಿಲುಕುವುದಿಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ಅಮೆರಿಕದ ಮಹಿಳೆಯು, ತಿಮಿಂಗಿಲಗಳ ಹಾಡನ್ನು ವರ್ಷಗಳ ಕಾಲ ಅಭ್ಯಾಸ ಮಾಡಿದ್ದವರು, ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಆನೆಗಳ ಬಳಿ ಕುಳಿತಿದ್ದರು. ಏನೂ ಕೇಳಿಸುತ್ತಿರಲಿಲ್ಲ, ಆದರೆ ಆಗಾಗ ಗಾಳಿಯಲ್ಲಿ ಒಂದು ಮಿಡಿತ ಅವರ ಅನುಭವಕ್ಕೆ ಬಂತು. ಎಳವೆಯಲ್ಲಿ ಚರ್ಚಿನಲ್ಲಿ ಹಾಡುವಾಗ ಆರ್ಗನ್ ವಾದ್ಯದ ಅತ್ಯಂತ ಉದ್ದದ ಕೊಳವೆ ನುಡಿದಾಗಲೂ ಅವರಿಗೆ ಇಂಥದೇ ಮಿಡಿತ ಅನುಭವಕ್ಕೆ ಬಂದಿತ್ತು. ಆನೆಗಳ ಧ್ವನಿಯನ್ನು ಮುದ್ರಿಸಿ, ಮುದ್ರಿಕೆಯನ್ನು ವೇಗ ಹೆಚ್ಚಿಸಿ ನುಡಿಸಿದಾಗ, ಆನೆಗಳು ಪರಸ್ಪರ ಕರೆಯುತ್ತಿದ್ದುದು ಬಯಲಾಯಿತು. 1986ರಲ್ಲಿ ಅವರು ಸಂಗಡಿಗರೊಡನೆ ಪ್ರಕಟಿಸಿದ ವರದಿಯಂತೆ ಏಷ್ಯಾದ ಆನೆಯ ಈ ಕರೆಗಳ ಮೂಲಕಂಪನ ಸೆಕೆಂಡಿಗೆ 14ರಿಂದ 24.

ಇಲ್ಲಿಯೂ ಭಾಗಾಕಾರ ಮಾಡಿ ನೋಡಿ: ಕಂಪನ 17 ಆದರೆ ಅಲೆಯ ಉದ್ದ 20 ಮೀಟರು. ಇಂಥ ಅಲೆಗೆ ಮರದ ಕಾಂಡವಾಗಲಿ ಪೊದೆಯಾಗಲಿ ತಡೆಯೇ ಅಲ್ಲ; ಗಾಳಿಯಲ್ಲಿ ಅದು ಕರಗುವುದೂ ಅತ್ಯಲ್ಪ. ಸಂಜೆ ನೆಲ ತಣ್ಣಗಾಗಿ ಅದರ ಮೇಲೆ ಬೆಚ್ಚನೆಯ ಗಾಳಿ ನಿಂತಾಗ, ಮೇಲಕ್ಕೆ ಹೋಗಬೇಕಾದ ಅಲೆಯು ಬಾಗಿ ಮತ್ತೆ ನೆಲದತ್ತ ಬರುತ್ತದೆ. ಕರೆಯು ಹಗಲಿಗಿಂತ ಬಹುದೂರ ಸಾಗುತ್ತದೆ. ಆಫ್ರಿಕದಲ್ಲಿ ಮುದ್ರಿತ ಕರೆಗಳನ್ನು ನುಡಿಸಿ ನೋಡಿದಾಗ 2 ಕಿಲೋಮೀಟರಿನಾಚೆಯ ಆನೆಗಳು ತಲೆಯೆತ್ತಿ ಆಲಿಸಿದವು. ಅನುಕೂಲವಾದ ಸಂಜೆಗಳಲ್ಲಿ ಅದು ಹತ್ತು ಕಿಲೋಮೀಟರಿನಷ್ಟು ದೂರ ತಲುಪಬಹುದೆಂದು ವಾಯುಮಂಡಲದ ಲೆಕ್ಕಾಚಾರಗಳು ತೋರಿಸಿವೆ. ಭಾರತದ ರಾಜ್ಯಗಳಲ್ಲೆಲ್ಲ ಹೆಚ್ಚು ಕಾಡಾನೆಗಳಿರುವುದು ನಮ್ಮ ಕರ್ನಾಟಕದಲ್ಲಿ. ಕೊಡಗು ಹಾಸನಗಳ ಕಾಫಿತೋಟದ ಜನ ಆನೆಯ ಹಿಂಡನ್ನು ಕುರಿತು ಪ್ರತಿದಿನವೂ ಚಿಂತಿಸಬೇಕಾಗಿದೆ. ಹಿಂಡು ಹಿಂಡಿಗೆ ಏನು ತಿಳಿಸುತ್ತದೆಂಬುದು ಅವರಿಗೆ ಬರಿಯ ಕುತೂಹಲದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಸುಕುಮಾರ್, ರೋಹಿಣಿ ಬಾಲಕೃಷ್ಣನ್ ಮೊದಲಾದ ಜೀವವಿಜ್ಞಾನಿಗಳು, ಸಂಕೇತಗಳ ಗಣಿತದಲ್ಲಿ ನುರಿತ ಇಂಜಿನಿಯರೊಬ್ಬರ ಜೊತೆಗೂಡಿ, ಕಾಡಾನೆಗಳ ಧ್ವನಿಯನ್ನು ಘೀಳು, ಗರ್ಜನೆ, ಗುಡುಗು, ಚಿಲಿಪಿಲಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿ 2009ರಲ್ಲಿ ಪ್ರಕಟಿಸಿದರು. ಆ ಪ್ರಬಂಧವು ಅಚ್ಚಾದದ್ದು ಶಬ್ದವಿಜ್ಞಾನದ ಪತ್ರಿಕೆಯಲ್ಲಿ. ನಮ್ಮ ತರಗತಿಯ ಪ್ರಶ್ನೆಯು ಭೌತವಿಜ್ಞಾನದ್ದಲ್ಲವೆಂದ ನಮ್ಮ ಮಾತಿಗೆ ಇದಕ್ಕಿಂತ ಬೇರೆ ಖಂಡನೆ ಬೇಕಿಲ್ಲ.

ಇಷ್ಟನ್ನು ಓದಿ, ಪ್ರಾಣಿಗಳನ್ನು ಕುರಿತ ಎಲ್ಲ ಕಥೆಗಳನ್ನೂ ನಂಬಬಹುದೆಂದು ಯಾರಾದರೂ ಭಾವಿಸಿದರೆ ಅದು ಎದುರು ದಿಕ್ಕಿನ ತಪ್ಪಾದೀತು. ಇಂದು ಕೈಯಲ್ಲಿನ ದೂರವಾಣಿಯನ್ನು ತೆರೆದರೆ ಸಾಕು, ಅಳುವ ಹಸು, ಕ್ಷಮೆ ಬೇಡುವ ನಾಯಿ, ಲೆಕ್ಕ ಮಾಡುವ ಗಿಳಿ ಇವುಗಳ ಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಇಂಥವನ್ನು ಕಂಡಾಗ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯನ್ನು ನೆನೆಯುವುದು ಒಳ್ಳೆಯದು. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಗಣಿತದ ಉಪಾಧ್ಯಾಯರು ಸಾಕಿದ್ದ ಈ ಕುದುರೆಯು ಕೂಡುವ ಕಳೆಯುವ ಲೆಕ್ಕಗಳಿಗೆ ನೆಲಕ್ಕೆ ಗೊರಸು ಬಡಿದು ಸರಿಯುತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಸಮಿತಿಯೊಂದು ಬಂದು ನೋಡಿ, ಇದರಲ್ಲಿ ಮೋಸವಿಲ್ಲವೆಂದಿತು. ಮೋಸವೇನೋ ಇರಲಿಲ್ಲ. ಆದರೆ ಆಸ್ಕರ್ ಫುಂಗ್ಸ್ಟ್ ಎಂಬ ತರುಣನು ಒಂದು ಸರಳವಾದ ಪರೀಕ್ಷೆಯನ್ನು ಯೋಚಿಸಿದನು: ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಿದ್ದರೆ? ಆಗ ಕುದುರೆಗೂ ಉತ್ತರ ತಿಳಿಯಲಿಲ್ಲ. ಕೇಳುವವನು ಕಣ್ಣಿಗೆ ಬೀಳದಂತೆ ಮಾಡಿದಾಗಲೂ ಅದು ಸೋತಿತು. ಗೊರಸಿನ ಬಡಿತವು ಸರಿಯಾದ ಸಂಖ್ಯೆಯನ್ನು ಮುಟ್ಟಿದಾಗ ಕೇಳುವವನ ತಲೆ ತನಗರಿವಿಲ್ಲದೆಯೇ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆಯು ಅದನ್ನು ಕಂಡು ನಿಲ್ಲಿಸುತ್ತಿತ್ತು. ಫುಂಗ್ಸ್ಟನ ಗ್ರಂಥ 1907ರಲ್ಲಿ ಪ್ರಕಟವಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಪ್ರಾಣಿಬುದ್ಧಿಯ ವಿರುದ್ಧ ಸಾಕ್ಷಿಯಾಗಿ ಹೇಳುತ್ತಾರೆ. ನಮಗೆ ಅದರಲ್ಲಿ ಎರಡು ಪಾಠಗಳು ಕಾಣುತ್ತವೆ. ಹಾನ್ಸನಿಗೆ ಗಣಿತ ಬರುತ್ತಿರಲಿಲ್ಲ ಎಂಬುದು ಒಂದು. ಹದಿಮೂರು ಮಂದಿಯ ಸಮಿತಿಗೆ ಕಾಣದ ಚಲನೆಯನ್ನು ಅದು ಓದಬಲ್ಲದಾಗಿತ್ತು ಎಂಬುದು ಇನ್ನೊಂದು. ಅದರಲ್ಲಿ ಮನುಷ್ಯನ ಬುದ್ಧಿಯನ್ನು ಹುಡುಕುವ ಸಂಭ್ರಮದಲ್ಲಿ ಕುದುರೆಯ ಬುದ್ಧಿಯನ್ನು ನೋಡುವುದಕ್ಕೆ ಯಾರಿಗೂ ಬಿಡುವಿರಲಿಲ್ಲ.

ಪರೀಕ್ಷೆ ಮಾಡುವವನು ತಾನೇ ತಪ್ಪುವುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡಬಹುದು. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಪ್ರಾಣಿಯು ಗುರುತಿಸಬಲ್ಲುದೆ ಎಂಬ ಪರೀಕ್ಷೆಯನ್ನು 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬಾತನು ಚಿಂಪಾಂಜಿಗಳ ಮೇಲೆ ಮಾಡಿದನು. 1989ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯೊಂದರಲ್ಲಿ ಆನೆಗಳು ಸೋತವು. ಆದರೆ ಅವುಗಳಿಗೆ ಕೊಟ್ಟಿದ್ದ ಕನ್ನಡಿ ಚಿಕ್ಕದು, ಇಟ್ಟದ್ದು ಸರಳುಗಳ ಆಚೆ. 2006ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಜೋಶುವ ಪ್ಲಾಟ್ನಿಕ್ ಮತ್ತು ಸಂಗಡಿಗರು ಎರಡೂವರೆ ಮೀಟರಿನಷ್ಟು ಎತ್ತರದ ಕನ್ನಡಿಯನ್ನು ಆನೆಗಳಿಗೆ ಮುಟ್ಟಲು ಸಿಗುವಂತೆ ನಿಲ್ಲಿಸಿದರು. ತಲೆಯ ಒಂದು ಪಕ್ಕಕ್ಕೆ ಬಿಳಿಯ ಗುರುತು, ಇನ್ನೊಂದು ಪಕ್ಕಕ್ಕೆ ಕಣ್ಣಿಗೆ ಕಾಣದ ಬಣ್ಣದ ಗುರುತು. ಮೂರು ಆನೆಗಳಲ್ಲಿ ಹ್ಯಾಪಿ ಎಂಬುದು ಕನ್ನಡಿಯ ಮುಂದೆ ನಿಂತು ಸೊಂಡಿಲಿನಿಂದ ತನ್ನ ತಲೆಯ ಮೇಲಿನ ಬಿಳಿಯ ಗುರುತನ್ನು ಮತ್ತೆ ಮತ್ತೆ ಮುಟ್ಟಿಕೊಂಡಿತು. ಉಳಿದೆರಡು ಮುಟ್ಟಿಕೊಳ್ಳಲಿಲ್ಲ. ಒಂದೇ ಆನೆಯ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಮೊದಲ ಪರೀಕ್ಷೆಯಲ್ಲಿ ಸೋತದ್ದು ಆನೆಯೋ ಕನ್ನಡಿಯೋ ಎಂಬ ಸಂದೇಹಕ್ಕೆ ಎಡೆಯಂತೂ ಆಯಿತು.

ಹಾಗಾದರೆ ಅತಿಯಾದ ನಂಬಿಕೆ, ಅತಿಯಾದ ನಿರಾಕರಣೆ ಎರಡನ್ನೂ ಬಿಟ್ಟು ನಡೆಯುವ ದಾರಿ ಯಾವುದು? ಜೇನುನೊಣದ ನೃತ್ಯದ ಇತಿಹಾಸವು ಇದನ್ನು ಚೆನ್ನಾಗಿ ತೋರಿಸುತ್ತದೆ. ಹೂವಿನ ತಾಣವನ್ನು ಕಂಡುಬಂದ ನೊಣವು ರಟ್ಟಿನ ಮೇಲೆ ಮೈಯಲುಗಿಸುತ್ತ ಓಡುವಾಗ, ಲಂಬರೇಖೆಗೂ ಅದರ ಓಟಕ್ಕೂ ಇರುವ ಕೋನವು ಸೂರ್ಯನಿಗೂ ಹೂವಿಗೂ ಇರುವ ಕೋನವನ್ನೂ, ಓಟದ ಅವಧಿಯು ದೂರವನ್ನೂ ಸೂಚಿಸುವುದೆಂದು ಕಾರ್ಲ್ ಫಾನ್ ಫ್ರಿಷ್ 1940ರ ದಶಕದಲ್ಲಿ ಹೇಳಿದರು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಇತ್ತ 1967ರಿಂದಲೇ ಏಡ್ರಿಯನ್ ವೆನ್ನರ್ ಮೊದಲಾದವರು, ನೊಣಗಳು ನೃತ್ಯವನ್ನು ಓದುವುದಿಲ್ಲ, ವಾಸನೆಯನ್ನು ಹಿಡಿದು ಹೋಗುತ್ತವೆ ಎಂದು ಆಕ್ಷೇಪಿಸಿದ್ದರು. ವಿವಾದವು ಮಾತಿನಿಂದ ತೀರಲಿಲ್ಲ. 2005ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆಯ ವಿಜ್ಞಾನಿಗಳು ನೊಣದ ಬೆನ್ನಿಗೆ ಒಂದು ಪುಟ್ಟ ಆಂಟೆನಾ ಅಂಟಿಸಿ ರೇಡಾರಿನಿಂದ ಅದರ ಹಾರಾಟವನ್ನು ಗುರುತಿಸಿದರು. ನೃತ್ಯವನ್ನು ಕಂಡ ನೊಣಗಳು ಅದು ಸೂಚಿಸಿದ ದಿಕ್ಕಿನಲ್ಲೇ, ಅಷ್ಟೇ ದೂರ ಹಾರಿದವು. ಆದರೆ ಕೊನೆಯ ಕೆಲವು ಮೀಟರುಗಳಲ್ಲಿ ತಾಣವನ್ನು ನಿಖರವಾಗಿ ಹುಡುಕಲು ವಾಸನೆಯ ನೆರವೂ ಬೇಕಾಯಿತು. ಸಂಶಯಪಟ್ಟವರ ಮಾತಿನಲ್ಲಿಯೂ ಸತ್ಯದ ಒಂದು ಪಾಲಿತ್ತೆಂದು ಇದರಿಂದ ತಿಳಿಯಿತು.

ನಮ್ಮ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳಬಹುದು. ಇಲಿಯು ನಮ್ಮಂತೆಯೇ ನಗುತ್ತದೆಂದು ನಾವು ಹೇಳುವುದಿಲ್ಲ. ಅದರ ಒಳಗಿನ ಅನುಭವವು ಯಾವ ತೆರೆಯ ಮೇಲೆಯೂ ನೇರವಾಗಿ ಮೂಡದು. ಆದರೆ ಪಕ್ಕದ ಮನೆಯವರ ಹಲ್ಲುನೋವೂ ನಮ್ಮ ಅನುಭವಕ್ಕೆ ನೇರವಾಗಿ ಬರುವುದಿಲ್ಲ. ಅವರ ಮುಖ, ಮಾತು, ನಡವಳಿಕೆಗಳಿಂದ ಊಹಿಸುತ್ತೇವೆ. ಪರಮಾಣುವಿನ ಒಳಗನ್ನೂ ಭೌತವಿಜ್ಞಾನಿಯು ಇಂಥ ಪರೋಕ್ಷ ಸಾಕ್ಷ್ಯಗಳಿಂದಲೇ ಅರಿತದ್ದು. ಆಟದಲ್ಲಿ ಏಳುವ, ಭಯದಲ್ಲಿ ಅಡಗುವ, ತನ್ನನ್ನು ಎಬ್ಬಿಸಿದ ಕೈಯನ್ನು ಮತ್ತೆ ಅರಸುವಂತೆ ಮಾಡುವ ಸ್ಥಿತಿಯೊಂದು ಇಲಿಯಲ್ಲಿ ಇದೆಯೆಂದರೆ, ಅದನ್ನು ಸಂತೋಷದ ಬಂಧುವೆಂದು ಕರೆಯಲು ಹಿಂಜರಿಯುವುದು ಎಚ್ಚರಿಕೆಯಲ್ಲ, ಹಠ.

ಇದರಿಂದ ಬರುವ ಹೊಣೆಯೂ ಸಣ್ಣದಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಮಸೂದೆಯನ್ನು ತಂದರು; 1960ರಲ್ಲಿ ಅನಗತ್ಯವಾದ ನೋವು ಸಂಕಟಗಳನ್ನು ತಡೆಯುವ ಕಾಯಿದೆ ನಮ್ಮ ದೇಶಕ್ಕೆ ಬಂತು. ಬ್ರಿಟನ್ನು 2022ರಲ್ಲಿ, ಬೆನ್ನೆಲುಬುಳ್ಳ ಪ್ರಾಣಿಗಳ ಜೊತೆಗೆ ಅಷ್ಟಪದಿ, ಏಡಿ, ಸೀಗಡಿಗಳ ವರ್ಗಗಳನ್ನೂ ಸಂವೇದನೆಯುಳ್ಳ ಜೀವಿಗಳೆಂದು ಶಾಸನದಲ್ಲಿ ಸೇರಿಸಿತು. ಅದೇ ವರ್ಷ ನ್ಯೂಯಾರ್ಕಿನ ಉಚ್ಚತಮ ನ್ಯಾಯಾಲಯವು, ಕನ್ನಡಿಯಲ್ಲಿ ತನ್ನನ್ನು ಗುರುತಿಸಿಕೊಂಡ ಆ ಹ್ಯಾಪಿಯ ಬಿಡುಗಡೆಯ ಅರ್ಜಿಯನ್ನು ಐದಕ್ಕೆ ಎರಡರ ಬಹುಮತದಿಂದ ತಳ್ಳಿಹಾಕಿತು. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ವಿಜ್ಞಾನವೊಂದೇ ನಿರ್ಣಯಿಸಲಾರದು. ಆದರೆ ಕಾಣದ ನೋವಿಗೆ ಯಾವ ಕಾಯಿದೆಯೂ ಇಲ್ಲ. ಅದನ್ನು ಕಾಣುವಂತೆ, ಕೇಳುವಂತೆ ಮಾಡಿಕೊಡುವ ಕೆಲಸ ವಿಜ್ಞಾನದ್ದು.

ವಿದ್ಯಾರ್ಥಿಮಿತ್ರರಲ್ಲಿ ನಮ್ಮದೊಂದು ವಿನಂತಿ. ಪಿ.ಯು.ಸಿ.ಗೆ ಸೇರುವಾಗ, ಜೀವಶಾಸ್ತ್ರ ತೆಗೆದುಕೊಂಡವರಿಗೆ ಗಣಿತವೇಕೆ, ಭೌತವಿಜ್ಞಾನ ಗಣಕವಿಜ್ಞಾನಗಳನ್ನು ಆರಿಸಿಕೊಂಡವರಿಗೆ ಪ್ರಾಣಿಗಳ ಗೊಡವೆಯೇಕೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಬಾವಲಿಯ ಪಂಜರವನ್ನು ಹಿಡಿದುಕೊಂಡು ಗ್ರಿಫಿನ್ನನು ಭೌತವಿಜ್ಞಾನದ ಕೋಣೆಯ ಬಾಗಿಲನ್ನು ತಟ್ಟದಿದ್ದರೆ, ಅಥವಾ ಇದು ನಮ್ಮ ವಿಷಯವಲ್ಲವೆಂದು ಪಿಯರ್ಸ್ ಅವನನ್ನು ಹಿಂದಕ್ಕೆ ಕಳುಹಿಸಿದ್ದರೆ, ಬಾವಲಿಯು ಇನ್ನೆಷ್ಟು ಕಾಲ ಮೂಕವಾಗಿರುತ್ತಿತ್ತೋ!

ಆ ವಿದ್ಯಾರ್ಥಿನಿಯನ್ನು ನಾವು ಹಿಂದಕ್ಕೆ ಕಳುಹಿಸಿದೆವು. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ವರಾಂಡದ ನಾಯಿಗೆ ಅಂದು ಏನನ್ನಿಸಿತೆಂದು ನಮಗೆ ತಿಳಿಯದು. ಈ ವರ್ಷ ಯಾರಾದರೂ ಅದೇ ಪ್ರಶ್ನೆಯನ್ನು ಕೇಳಿದರೆ, "ಅದನ್ನು ತಿಳಿಯಲು ಯಾವ ಪ್ರಯೋಗ ಮಾಡಬಹುದು, ಹೇಳಮ್ಮ" ಎಂದು ಕೇಳಿ, ಗಂಟೆ ಬಾರಿಸಿದರೂ ತರಗತಿಯಲ್ಲೇ ನಿಲ್ಲುವುದೆಂದು ನಿಶ್ಚಯಿಸಿದ್ದೇವೆ.